ಮನೆಯ ಡಿಜಿಟಲ್ ಪಿಯಾನೊಗೆ ಸ್ಪೀಕರ್ ಆರಿಸುವುದು: ಕೊಡಗಿನ ಕೋಣೆ, ಮಳೆ, ಕರೆಂಟಿಗೆ ಹೊಂದುವ ಹಾಗೆ

ಮುಂಗಾರು ಹಿಡಿದರೆ ಮೂರು ನಾಲ್ಕು ತಿಂಗಳು ಮನೆಯೊಳಗಿನ ಬಟ್ಟೆಯೇ ಒಣಗದ ಊರಿನಲ್ಲಿ ಮರದ ಪಿಯಾನೊ ಇಟ್ಟುಕೊಳ್ಳುವುದು ಸುಲಭವಲ್ಲ. ಸೌಂಡ್‌ಬೋರ್ಡ್ (ತಂತಿಯ ನಾದವನ್ನು ಹಿಗ್ಗಿಸುವ ಮರದ ಹಲಗೆ) ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ, ಒಳಗಿನ ಫೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಮಕ್ಕಳಿಗೆ ಪಿಯಾನೊ ಕಲಿಸುವ ಮನೆಗಳಿಗೆ ಡಿಜಿಟಲ್ ಪಿಯಾನೊನೇ ಒಳ್ಳೆಯ ಆಯ್ಕೆ. ತೊಂದರೆ ಇರುವುದು ಅದರ ಒಳಗಿನ ಸ್ಪೀಕರಿನಲ್ಲಿ. ಯಮಾಹಾ ಪಿ-45ರಲ್ಲಿ 12 ಸೆಂಟಿಮೀಟರಿನ ಎರಡು ಸ್ಪೀಕರ್, ತಲಾ 6 ವ್ಯಾಟ್. ರೋಲ್ಯಾಂಡ್ ಎಫ್‌ಪಿ-30ಎಕ್ಸ್‌ನಲ್ಲಿ ತಲಾ 11 ವ್ಯಾಟ್. ದೊಡ್ಡ ಗ್ರ್ಯಾಂಡ್ ಪಿಯಾನೊದಿಂದ ರೆಕಾರ್ಡ್ ಮಾಡಿದ ನಾದ ಇಷ್ಟು ಸಣ್ಣ ಬಾಯಿಯಿಂದ ಹೊರಬರಬೇಕು.

ಇದು ಬರೀ ಇಂಪಿನ ಪ್ರಶ್ನೆಯಲ್ಲ. ಬೆರಳು ಕಲಿಯುವುದು ಕಿವಿ ಕೇಳಿದ್ದರಿಂದ. ಮೆಲ್ಲಗೆ ಒತ್ತಿದ್ದೂ ಜೋರಾಗಿ ಒತ್ತಿದ್ದೂ ಹೆಚ್ಚು ಕಡಿಮೆ ಒಂದೇ ಥರ ಕೇಳಿದರೆ, ಎಡಗೈಯ ಮಂದ್ರ ಸ್ವರ ಕೇಳಿಸದೇ ಹೋದರೆ, ಮಗು ಕೀಗಳನ್ನು ಗುದ್ದುವುದನ್ನು ರೂಢಿಸಿಕೊಳ್ಳುತ್ತದೆ. ಆ ರೂಢಿ ಬಿಡಿಸಲು ಶಿಕ್ಷಕರಿಗೆ ವರ್ಷಗಟ್ಟಲೆ ಬೇಕು. ಅದಕ್ಕೇ ಪಿಯಾನೊಗೆ ಕೊಟ್ಟ ಹಣದ ಮೂರನೇ ಒಂದು ಭಾಗವನ್ನಾದರೂ ಸ್ಪೀಕರಿಗೆ ಎತ್ತಿಡಿ ಎನ್ನುವುದು ನಮ್ಮ ಸಲಹೆ.

ಹಂತ 1: ಖರ್ಚು ಮಾಡುವ ಮೊದಲು ಕೊರತೆ ಎಲ್ಲಿದೆ ನೋಡಿ

ಕಿವಿ ಪೂರ್ತಿ ಮುಚ್ಚುವ ಒಂದು ಒಳ್ಳೆಯ ವೈರಿನ ಹೆಡ್‌ಫೋನ್ ಹಾಕಿ ಹತ್ತು ನಿಮಿಷ ನುಡಿಸಿ. ಅದರಲ್ಲಿ ನಾದ ತುಂಬಿಕೊಂಡು ಕೇಳಿ, ಸ್ಪೀಕರಿನಲ್ಲಿ ಮಾತ್ರ ಬಡಕಲಾಗಿದ್ದರೆ ಹೊರಗಿನ ಸ್ಪೀಕರ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಹೆಡ್‌ಫೋನಿನಲ್ಲೂ ನಾದ ಚಪ್ಪೆಯಾಗಿದ್ದರೆ ಎಂಥ ಸ್ಪೀಕರ್ ತಂದರೂ ಪ್ರಯೋಜನವಿಲ್ಲ. ಆ ಹಣವನ್ನು ಮುಂದಿನ ಪಿಯಾನೊಗೆ ಕೂಡಿಡಿ.

ಪಿಯಾನೊ ಎಲ್ಲಿ ಕೂತಿದೆ ಎನ್ನುವುದನ್ನೂ ಗಮನಿಸಿ. ಹಲಗೆಯಂಥ ತೆಳು ಪಿಯಾನೊಗಳಲ್ಲಿ ಬಹಳಷ್ಟರ ಸ್ಪೀಕರ್ ಕೆಳಮುಖವಾಗಿರುತ್ತದೆ. ಅದನ್ನು ಊಟದ ಮೇಜಿನ ಮೇಲೆ, ಅದಕ್ಕೊಂದು ಬಟ್ಟೆ ಹಾಸಿ ಇಟ್ಟರೆ ಸ್ಪೀಕರಿನ ಬಾಯಿ ಕಟ್ಟಿದಂತೆ. ತೆರೆದ ಸ್ಟ್ಯಾಂಡಿಗೆ ಬದಲಿಸಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಂತ 2: ಹಿಂಬದಿಯ ತೂತುಗಳನ್ನು ಓದಿ

ಟಾರ್ಚ್ ಹಿಡಿದು ಪಿಯಾನೊ ಹಿಂದೆ ನೋಡಿ. ಲೈನ್ ಔಟ್, ಆಕ್ಸ್ ಔಟ್ ಅಥವಾ ಔಟ್‌ಪುಟ್ ಎಂದು ಬರೆದ 6.35 ಮಿಲಿಮೀಟರಿನ ಎರಡು ಜ್ಯಾಕ್ ಇದ್ದರೆ ಕೆಲಸ ಸಲೀಸು. ಒಂದು ಎಡಕ್ಕೆ, ಒಂದು ಬಲಕ್ಕೆ. ಎಫ್‌ಪಿ-30ಎಕ್ಸ್‌ನಲ್ಲಿ ಇವು ಇವೆ. ಪಿ-45ರಲ್ಲಿ ಇರುವುದು ಹೆಡ್‌ಫೋನ್ ಜ್ಯಾಕ್ ಒಂದೇ. ರೋಲ್ಯಾಂಡ್ ಎಫ್‌ಪಿ-10ರಲ್ಲೂ ಅಷ್ಟೇ, ಅದೂ ಮೊಬೈಲಿನಲ್ಲಿರುವಂಥ 3.5 ಮಿಲಿಮೀಟರಿನದು. ಹೆಡ್‌ಫೋನ್ ಜ್ಯಾಕಿನಿಂದ ಸ್ಪೀಕರಿಗೆ ಕೊಡಬಹುದು, ಏನೂ ಸುಡುವುದಿಲ್ಲ. ಅಲ್ಲಿ ಪಿನ್ ಸಿಕ್ಕಿಸಿದೊಡನೆ ಒಳಗಿನ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆ. ಲೈನ್ ಔಟ್‌ನಲ್ಲಿ ಸಾಮಾನ್ಯವಾಗಿ ಹಾಗೆ ಆಗದು. ಒಳಗಿನದೂ ಹೊರಗಿನದೂ ಒಟ್ಟಿಗೆ ಕೂಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಒಳಗಿನ ಸ್ಪೀಕರ್ ಬಂದ್ ಮಾಡುವ ದಾರಿ ಮ್ಯಾನ್ಯುಯಲ್‌ನಲ್ಲಿ ಹುಡುಕಿ.

ಬ್ಲೂಟೂತ್ ಸ್ಪೀಕರ್ ಮನೆಯಲ್ಲಿದೆ, ಅದಕ್ಕೇ ಜೋಡಿಸೋಣ ಎಂದು ಬಹಳ ಜನ ಯೋಚಿಸುತ್ತಾರೆ. ಆಗುವುದಿಲ್ಲ. ಮೊದಲನೆಯದು, ಹೆಚ್ಚಿನ ಪಿಯಾನೊಗಳ ಬ್ಲೂಟೂತ್ ಇರುವುದು ಮೊಬೈಲಿನ ಹಾಡನ್ನು ಒಳಗೆ ತರಲು, ಪಿಯಾನೊದ ನಾದವನ್ನು ಹೊರಗೆ ಕಳಿಸಲು ಅಲ್ಲ. ಎರಡನೆಯದು ತಡ. ಬ್ಲೂಟೂತಿನಲ್ಲಿ ಸದ್ದು ಸುಮಾರು 100ರಿಂದ 200 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. 150 ಮಿಲಿಸೆಕೆಂಡ್ ಎಂದರೆ 51 ಮೀಟರ್ ದೂರದಲ್ಲಿಟ್ಟ ಸ್ಪೀಕರನ್ನು ಕೇಳುತ್ತಾ ನುಡಿಸಿದ ಹಾಗೆ. ಲಯ ನಿಲ್ಲುವುದಿಲ್ಲ. ವೈರೇ ಬೇಕು.

ಹಂತ 3: ಯಾವ ಜಾತಿಯ ಸ್ಪೀಕರ್

ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಒಬ್ಬರು ಕೂತು ಅಭ್ಯಾಸ ಮಾಡುವ ಮನೆಗೆ ನಮ್ಮ ಉತ್ತರ ಒಂದೇ: ಒಳಗೇ ಆಂಪ್ಲಿಫೈಯರ್ ಇರುವ ಒಂದು ಜೊತೆ ಸ್ಟುಡಿಯೊ ಮಾನಿಟರ್. ಇವುಗಳಲ್ಲಿ ವೂಫರಿಗೂ (ಮಂದ್ರ ನುಡಿಸುವ ದೊಡ್ಡ ಕೋನು) ಟ್ವೀಟರಿಗೂ (ತಾರ ನುಡಿಸುವ ಸಣ್ಣದು) ಬೇರೆ ಬೇರೆ ಆಂಪ್ ಇರುವುದು ಸಾಮಾನ್ಯ, ಪಿಯಾನೊದಿಂದ ಬಂದ ನಾದಕ್ಕೆ ತಮ್ಮ ಬಣ್ಣ ಬಳಿಯುವುದು ಕಡಿಮೆ, ಒಂದು ಮೀಟರ್ ದೂರದಿಂದ ಕೇಳಲೆಂದೇ ಮಾಡಿದವು. ಯಮಾಹಾ ಎಚ್‌ಎಸ್‌5, ಜೆಬಿಎಲ್ 305ಪಿ ಇಂಥವು.

ಮನೆಯಲ್ಲಿ ಹಳೆಯ ಸ್ಟೀರಿಯೊ ಆಂಪ್ ಮತ್ತು ಒಳ್ಳೆಯ ಜೋಡಿ ಸ್ಪೀಕರ್ ಇದ್ದರೆ ಹೊಸದು ಕೊಳ್ಳುವ ಅಗತ್ಯವೇ ಇಲ್ಲದಿರಬಹುದು. ಪ್ರತಿ ಬದಿಗೆ 30ರಿಂದ 50 ವ್ಯಾಟ್ ಇದ್ದರೆ ಧಾರಾಳ. ಪಿಯಾನೊದ ಕೇಬಲನ್ನು ಆಕ್ಸ್, ಸಿಡಿ ಅಥವಾ ಟೇಪ್ ಎಂದು ಬರೆದಲ್ಲಿಗೆ ಕೊಡಿ. ಫೋನೊ ಎಂದು ಬರೆದಲ್ಲಿಗೆ ಬೇಡ. ಅದು ಗ್ರಾಮಫೋನ್ ತಟ್ಟೆಯ ಕ್ಷೀಣ ಸಿಗ್ನಲ್ಲಿಗಾಗಿ ಇರುವುದು, ಪಿಯಾನೊ ಕೊಟ್ಟರೆ ಮಂದ್ರವೆಲ್ಲ ಊದಿಕೊಂಡು ಸದ್ದು ಒಡೆಯುತ್ತದೆ. ಆಂಪಿನಿಂದ ಸ್ಪೀಕರಿಗೆ ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರೇ ಸಾಕು. ಎರಡೂ ಸ್ಪೀಕರಿಗೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿರಲಿ. ಒಂದು ಕಡೆ ಉಲ್ಟಾ ಆದರೆ ಸದ್ದು ಬರುತ್ತದೆ, ಎಡಗೈಯ ಗಾಂಭೀರ್ಯ ಮಾತ್ರ ಮಾಯವಾಗಿರುತ್ತದೆ. ಕಾರಣ ಹುಡುಕುತ್ತಾ ಪಿಯಾನೊವನ್ನೇ ಬೈಯುವವರಿದ್ದಾರೆ.

ಗಿಟಾರ್ ಆಂಪ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಟ್ವೀಟರ್ ಇರುವುದಿಲ್ಲ, ಗಿಟಾರಿಗೆ ಬೇಕಾದ ಸ್ವರಗಳನ್ನಷ್ಟೇ ಎತ್ತಿ ಕೊಡುತ್ತದೆ. ಕೀಬೋರ್ಡ್ ಆಂಪ್ ಪರವಾಗಿಲ್ಲ, ಆದರೆ ಬಹುಪಾಲು ಒಂದೇ ಪೆಟ್ಟಿಗೆ, ಅಂದರೆ ಮೊನೊ. ಪಿಯಾನೊದ ನಾದವನ್ನು ಎರಡು ಮೈಕಿನಲ್ಲಿ ಹಿಡಿದಿರುತ್ತಾರೆ. ಎಡಬಲವನ್ನು ಒಂದಾಗಿ ಕೂಡಿಸಿದಾಗ ಕೆಲವು ಸ್ವರಗಳು ಪರಸ್ಪರ ಕಡಿದುಕೊಂಡು ಡಬ್ಬಿಯೊಳಗಿಂದ ಬಂದಂತಾಗುತ್ತವೆ. ಮದುವೆ ಮಂಟಪದ 15 ಇಂಚಿನ ಪೆಟ್ಟಿಗೆಗಳು ಕೋಣೆಗೆ ಹೊಂದುವುದಿಲ್ಲ. ಅವುಗಳ ಹಾರ್ನ್ ಹತ್ತಿರದಿಂದ ಕರ್ಕಶ. ಚರ್ಚಿಗೋ ಶಾಲೆಯ ಹಾಲಿಗೋ ಒಯ್ಯುವುದಿದ್ದರೆ 10 ಇಂಚಿನ, ಒಳಗೇ ಆಂಪ್ ಇರುವ ಪಿಎ (ಸಭೆಗೆ ಕೇಳಿಸುವಂಥ) ಸ್ಪೀಕರ್ ಒಂದು ಜೊತೆ ತೆಗೆದುಕೊಳ್ಳಿ.

ಹಂತ 4: ವ್ಯಾಟ್ ಅಲ್ಲ, ಇಂಚು ಮತ್ತು ಹರ್ಟ್ಸ್ ಕೇಳಿ

ಅಂಗಡಿಯಲ್ಲಿ ಮೊದಲು ಬರುವ ಮಾತು ವ್ಯಾಟ್. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಸ್ವಲ್ಪವೇ ಹೆಚ್ಚು. ಎರಡರಷ್ಟು ಜೋರೆಂದು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 6 ವ್ಯಾಟಿನಿಂದ 12ಕ್ಕೆ ಹೋಗಿ ಏನೂ ಗಿಟ್ಟದು, 50-70 ವ್ಯಾಟಿಗೆ ಹೋದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಎಂದು ಹೇಳುವ ಜಾಹೀರಾತಿನ ಅಂಕಿ) ಎಂದು ಸಾವಿರಗಟ್ಟಲೆ ಬರೆದಿದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವ್ಯಾಟ್) ಎಷ್ಟು ಎಂದು ಕೇಳಿ.

ಪಿಯಾನೊದ 88 ಕೀಗಳಲ್ಲಿ ಎಡತುದಿಯದು 27.5 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಬಲತುದಿಯದು 4186 ಹರ್ಟ್ಸ್. ಹಾಗಂತ 27 ಹರ್ಟ್ಸ್‌ವರೆಗೆ ಇಳಿಯುವ ಸ್ಪೀಕರ್ ಹುಡುಕಬೇಕಿಲ್ಲ. ಅತಿ ಕೆಳಗಿನ ಸ್ವರಗಳಲ್ಲಿ ಮೂಲ ಕಂಪನ ಮರದ ಪಿಯಾನೊದಲ್ಲೇ ದುರ್ಬಲ, 55, 82.5, 110 ಹೀಗೆ ಮೇಲೇರುವ ಉಪಸ್ವರಗಳಿಂದ ಕಿವಿ ಅದನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ 50ರ ಆಸುಪಾಸು ತಲುಪಿದರೆ ಸಾಕು. 3 ಇಂಚಿನ ವೂಫರಿನ ಪುಟ್ಟ ಸ್ಪೀಕರ್ 80 ಹರ್ಟ್ಸ್ ಹತ್ತಿರವೇ ಕೈ ಚೆಲ್ಲುತ್ತದೆ. ಎಡತುದಿಯ 19 ಕೀಗಳ ಮೂಲ ಸ್ವರ ಅದಕ್ಕಿಂತ ಕೆಳಗಿದೆ. 5 ಇಂಚಿನ ಎಚ್‌ಎಸ್‌5ಗೆ ಕಂಪನಿ ಕೊಟ್ಟಿರುವ ಅಂಕಿ 54 ಹರ್ಟ್ಸ್. ಅಲ್ಲಿ ತಪ್ಪುವುದು 12 ಕೀಗಳ ಮೂಲ ಸ್ವರ ಮಾತ್ರ, ವಿದ್ಯಾರ್ಥಿಗಳ ಪಾಠಗಳು ಅಷ್ಟು ಕೆಳಗೆ ಇಳಿಯುವುದೇ ಅಪರೂಪ. ಅದೇ ಸಾಲಿನ 6.5 ಇಂಚಿನದು 43 ಹರ್ಟ್ಸ್ ಮುಟ್ಟುತ್ತದೆ. ಹತ್ತು ಅಡಿಯ ಕೋಣೆಗೆ 5 ಇಂಚು, ಹದಿನಾಲ್ಕು ಅಡಿಗಿಂತ ದೊಡ್ಡ ಹಜಾರಕ್ಕೆ 6.5ರಿಂದ 8 ಇಂಚು. ಸಬ್‌ವೂಫರ್ ಸದ್ಯಕ್ಕೆ ಬೇಡ. ಮರದ ಅಟ್ಟದ ಮನೆಯಲ್ಲಿ ಅದು ಹಲಗೆಗಳನ್ನೆಲ್ಲ ನಡುಗಿಸುತ್ತದೆ.

ಮೈಸೂರಿಗೋ ಬೆಂಗಳೂರಿಗೋ ಕೊಳ್ಳಲು ಹೋಗುವಾಗ ನಿಮ್ಮ ಪಿಯಾನೊದಲ್ಲೇ ರೆಕಾರ್ಡ್ ಮಾಡಿದ ಎರಡು ನಿಮಿಷದ ನುಡಿಸಾಣಿಕೆ ಮೊಬೈಲಿನಲ್ಲಿರಲಿ, ಅದನ್ನು ವೈರಿನಲ್ಲೇ ಹಾಕಿಸಿ ಕೇಳಿ. ಸಣ್ಣ ದನಿಯಲ್ಲಿ ಕೇಳಿ, ಏಕೆಂದರೆ ಮನೆಯ ಅಭ್ಯಾಸ ಬಹುಪಾಲು ಸಣ್ಣ ದನಿಯಲ್ಲೇ. ಆಮೇಲೆ ಸಂಗೀತ ನಿಲ್ಲಿಸಿ, ಸ್ಪೀಕರ್ ಆನ್ ಇಟ್ಟು, ಟ್ವೀಟರಿನಿಂದ ಒಂದು ಮೀಟರ್ ದೂರದಲ್ಲಿ ಕಿವಿಗೊಡಿ. ಸುಸ್ಸೆನ್ನುವ ಸದ್ದು ಅಂಗಡಿಯ ಗದ್ದಲದಲ್ಲಿ ಕೇಳಿಸಿದರೆ ತೋಟದ ನಡುವಿನ ಮನೆಯಲ್ಲಿ ರಾತ್ರಿ ಎಂಟಕ್ಕೆ ಅದು ತಲೆ ತಿನ್ನುತ್ತದೆ. ಕೋನಿನ ಸುತ್ತಲ ಅಂಚು ರಬ್ಬರಿನದೇ ಎಂದೂ ನೋಡಿ. ಫೋಮಿನ ಅಂಚು ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಲೇಬೇಕು.

ಹಂತ 5: ಕೇಬಲ್

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಪಿನ್ನಿನ ಮೇಲೆ ಒಂದೇ ಕಪ್ಪು ಉಂಗುರವಿದ್ದರೆ ಮೊನೊ, ಎರಡಿದ್ದರೆ ಸ್ಟೀರಿಯೊ. ಲೈನ್ ಔಟ್ ಇರುವ ಪಿಯಾನೊಗೆ 6.35 ಮಿಲಿಮೀಟರಿನ ಮೊನೊ ಕೇಬಲ್ ಎರಡು ಬೇಕು, ಎಡಕ್ಕೊಂದು ಬಲಕ್ಕೊಂದು. ಸ್ಪೀಕರಿನಲ್ಲಿ ಕೆಂಪು-ಬಿಳಿ ಆರ್‌ಸಿಎ ತೂತು ಮಾತ್ರ ಇದ್ದರೆ ಒಂದು ತುದಿ 6.35, ಇನ್ನೊಂದು ತುದಿ ಆರ್‌ಸಿಎ ಇರುವುದನ್ನು ಕೇಳಿ. ಉದ್ದ 3 ಮೀಟರ್ ಸಾಕು. 6 ಮೀಟರ್ ದಾಟಿದರೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು.

ಹೆಡ್‌ಫೋನ್ ಜ್ಯಾಕ್ ಮಾತ್ರ ಇದ್ದರೆ ವೈ ಕೇಬಲ್ ಬೇಕು: ಒಂದು ತುದಿಯಲ್ಲಿ ಸ್ಟೀರಿಯೊ ಪಿನ್, ಇನ್ನೊಂದು ತುದಿಯಲ್ಲಿ ಎರಡು ಮೊನೊ ಪಿನ್. ಇದರ ಬದಲು ಎರಡೂ ತುದಿ ಸ್ಟೀರಿಯೊ ಇರುವ ಒಂದೇ ಕೇಬಲನ್ನು ಹೆಡ್‌ಫೋನಿನಿಂದ ಒಂದು ಮಾನಿಟರಿಗೆ ಎಳೆದರೆ ವಿಚಿತ್ರ ನಡೆಯುತ್ತದೆ. ಮಾನಿಟರ್ ಅದನ್ನು ಬ್ಯಾಲೆನ್ಸ್‌ಡ್ ಸಿಗ್ನಲ್ (ಒಂದೇ ನಾದ ಎರಡು ತಂತಿಯಲ್ಲಿ ಒಂದಕ್ಕೊಂದು ಉಲ್ಟಾ ಬರುವಂಥದು) ಎಂದುಕೊಂಡು ಎಡದಿಂದ ಬಲವನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿರುವ ನಾದವೆಲ್ಲ ಅಳಿಸಿಹೋಗಿ, ದೂರದ ಬಾವಿಯಿಂದ ಬಂದಂಥ ಪೊಳ್ಳು ಸದ್ದಷ್ಟೇ ಉಳಿಯುತ್ತದೆ. ಸ್ಪೀಕರ್ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುನ್ನ ಪಿನ್ನಿನ ಉಂಗುರ ಎಣಿಸಿ.

ಹಂತ 6: ಕೋಣೆಯಲ್ಲಿ ಕೂರಿಸುವುದು

ಎರಡು ಸ್ಪೀಕರ್ ಮತ್ತು ನುಡಿಸುವವರ ತಲೆ, ಈ ಮೂರೂ ಒಂದು ಸಮಬಾಹು ತ್ರಿಕೋನದ ಮೂಲೆಗಳಲ್ಲಿರಲಿ. ಬದಿ ಒಂದರಿಂದ ಒಂದೂವರೆ ಮೀಟರ್. ಟ್ವೀಟರ್ ಕಿವಿಯ ಎತ್ತರಕ್ಕೆ, ಮುಖ ತುಸು ಒಳಕ್ಕೆ ತಿರುಗಿ. ಪಿಯಾನೊ ಮೇಲೆಯೇ ಇಡಬೇಡಿ, ಕೀಗಳ ಕುಲುಕಾಟಕ್ಕೆ ಸ್ಪೀಕರೂ, ಸ್ಪೀಕರಿನ ನಡುಕಕ್ಕೆ ಪಿಯಾನೊ ಮೈಯೂ ಕರಕರ ಎನ್ನುತ್ತವೆ. ಬೇರೆ ಸ್ಟ್ಯಾಂಡ್ ಇಲ್ಲವೇ ಗೋಡೆಯ ಗಟ್ಟಿ ಬ್ರ್ಯಾಕೆಟ್ ಬೇಕು, ಕೆಳಗೆ ಒಂದಿಂಚು ದಪ್ಪದ ರಬ್ಬರ್ ಶೀಟಿನ ತುಂಡು.

ಮಾನಿಟರಿನ ಬೆನ್ನಿಗೆ ಗಾಳಿ ತೂತಿದ್ದರೆ ಗೋಡೆಯಿಂದ ಒಂದಡಿಯಾದರೂ ಬಿಡಿ. ಗೋಡೆಗೆ ತಾಗಿಸಿದರೆ ಮಂದ್ರ 6 ಡೆಸಿಬಲ್‌ವರೆಗೆ ಉಬ್ಬುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು. ಜಾಗವೇ ಇಲ್ಲದಿದ್ದರೆ ಹಿಂದಿನ ರೂಮ್ ಕಂಟ್ರೋಲ್ ಸ್ವಿಚ್ಚನ್ನು ಮೈನಸ್ 2ಕ್ಕೋ ಮೈನಸ್ 4ಕ್ಕೋ ತಳ್ಳಿ.

ಕೋಣೆಯ ಅಳತೆಗೂ ಒಂದು ಲೆಕ್ಕವಿದೆ. 563 ಅನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿ, ಕೋಣೆ ಯಾವ ಸ್ವರಕ್ಕೆ ತಾನೇ ಗುಂಯ್‌ಗುಟ್ಟುತ್ತದೆ ಎಂದು ಗೊತ್ತಾಗುತ್ತದೆ. ಹತ್ತು ಅಡಿಗೆ 56 ಹರ್ಟ್ಸ್ ಬರುತ್ತದೆ. ಎಡದಿಂದ ಹದಿಮೂರನೇ ಕೀ, ಅಂದರೆ ಎರಡನೇ ಎ ಸ್ವರ, 55 ಹರ್ಟ್ಸ್. ಆ ಒಂದು ಸ್ವರ ಕೋಣೆ ತುಂಬ ಗುಂಯ್‌ಗುಟ್ಟುತ್ತದೆ, ಅದರ ಅಕ್ಕಪಕ್ಕದವು ಸುಮ್ಮನಿರುತ್ತವೆ. ಹತ್ತಕ್ಕೆ ಹತ್ತರ ಚೌಕ ಕೋಣೆಯಲ್ಲಿ ಎರಡು ಜೋಡಿ ಗೋಡೆಗಳೂ ಸೇರಿ ಇದನ್ನು ಇಮ್ಮಡಿಸುತ್ತವೆ. ಹನ್ನೆರಡು ಅಡಿಗೆ 47 ಹರ್ಟ್ಸ್. ಸ್ಪೀಕರ್ ಬದಲಿಸಿದರೆ ಇದು ಹೋಗದು. ಪಿಯಾನೊವನ್ನೂ ಸ್ಟೂಲನ್ನೂ ಗೋಡೆಯಿಂದ ಒಂದೆರಡು ಅಡಿ ಸರಿಸಿ, ಕೂರುವ ತಲೆ ಕೋಣೆಯ ಸರಿ ನಡುವಿಗೂ ಬರದಂತೆ, ಹಿಂಗೋಡೆಗೂ ಅಂಟದಂತೆ ನೋಡಿಕೊಂಡರೆ ತಗ್ಗುತ್ತದೆ.

ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇರುವ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಕಿಣಿಕಿಣಿ ಪ್ರತಿಧ್ವನಿ ಬಂದರೆ ಪಿಯಾನೊ ಕೆಳಗೊಂದು ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ತುಂಬಿದ ಪುಸ್ತಕದ ಕಪಾಟು. ಹಳೆಯ ಐನ್‌ಮನೆಗಳ ದಪ್ಪ ಮಣ್ಣಿನ ಗೋಡೆ, ಮರದ ಮಾಡು ನಾದಕ್ಕೆ ಬಲು ಒಳ್ಳೆಯದು. ಅಂಥಲ್ಲಿ ನೆಲಹಾಸೊಂದೇ ಸಾಕಾಗಬಹುದು. ತಗಡಿನ ಶೀಟಿನ ಮಾಡಿದ್ದರೆ ಜುಲೈ ಮಳೆಯ ಸದ್ದಿನೊಡನೆ ಸ್ಪೀಕರನ್ನು ಜಿದ್ದಿಗೆ ಬಿಡಬೇಡಿ, ಕಿವಿಗೂ ಸ್ಪೀಕರಿಗೂ ಕೇಡು. ಆ ದಿನಗಳಿಗೆ ಕಿವಿ ಮುಚ್ಚುವ ಹೆಡ್‌ಫೋನೇ ಸರಿ.

ಹಂತ 7: ಕರೆಂಟ್, ಅರ್ಥಿಂಗ್, ಸಿಡಿಲು

ಪಿಯಾನೊ, ಎರಡೂ ಸ್ಪೀಕರ್, ಬೇಕಿದ್ದರೆ ಲ್ಯಾಪ್‌ಟಾಪ್, ಎಲ್ಲವೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಲಿ. ಬೇರೆ ಬೇರೆ ಸಾಕೆಟ್ಟಿನಿಂದ ತೆಗೆದರೆ ಅರ್ಥ್ ಸುತ್ತಿಕೊಂಡು 50 ಹರ್ಟ್ಸ್‌ನ ಗುಂಯ್ ಶುರುವಾಗುತ್ತದೆ. ಆಗ ಮೂರು ಪಿನ್ನಿನಲ್ಲಿ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. ಸದ್ದು ಹೋಗುತ್ತದೆ, ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಎಂದಿಗೂ ಮಾಡಬೇಡಿ. ಲ್ಯಾಪ್‌ಟಾಪಿನ ಯುಎಸ್‌ಬಿ ಕೇಬಲ್ ಕಿತ್ತು ನೋಡಿ. ಗುಂಯ್ ನಿಂತರೆ ಪಿಯಾನೊ ಮತ್ತು ಸ್ಪೀಕರಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಸ್ಟೀರಿಯೊ ಡಿಐ ಬಾಕ್ಸ್ (ಅರ್ಥ್ ಕೂಡದಂತೆ ನಾದದ ಸಿಗ್ನಲ್ಲನ್ನಷ್ಟೇ ದಾಟಿಸುವ ಪುಟ್ಟ ಪೆಟ್ಟಿಗೆ) ಹಾಕಿ.

ಸ್ಪೀಕರಿನ ಹಿಂದೆ 100–240 ವೋಲ್ಟ್ ಎಂದು ಬರೆದಿದ್ದರೆ ತೋಟದ ಲೈನಿನ ಕಡಿಮೆ ವೋಲ್ಟೇಜನ್ನು ಅದು ತಾಳಿಕೊಳ್ಳುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಹಳೆಯ ಆಂಪಿಗೆ ಸ್ಟೆಬಿಲೈಸರ್ ಬೇಕು. ಇನ್ವರ್ಟರಿನಲ್ಲಿ ನುಡಿಸುವಾಗ ಮಾತ್ರ ಜಿರ್ರೆಂದರೆ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು. ಸೈನ್ ವೇವ್ ಆದರೆ ಈ ತಕರಾರಿಲ್ಲ. ಕರೆಂಟ್ ಹೋದೊಡನೆ ಬೋರ್ಡಿನ ಸ್ವಿಚ್ ಆಫ್ ಮಾಡಿ, ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಬರುವಾಗಿನ ಏರಿಳಿತಕ್ಕೆ ಸುಡುವುದೇ ಹೆಚ್ಚು.

ಹೂಮಳೆಯ ಕಾಲದ ಗುಡುಗು ಕೇಳಿದರೆ ಸ್ವಿಚ್ ಆಫ್ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಸರ್ಜ್ ಪ್ರೊಟೆಕ್ಟರ್ ಇರಲಿ, ಆದರೆ ಹತ್ತಿರ ಬಿದ್ದ ಸಿಡಿಲನ್ನು ಅದು ತಡೆಯದು. ಇಂಟರ್ನೆಟ್ ಕೇಬಲ್ ಸಿಕ್ಕಿಸಿದ ಲ್ಯಾಪ್‌ಟಾಪಿಗೆ ಪಿಯಾನೊ ಜೋಡಿಸಿದ್ದರೆ ಅದನ್ನೂ ಬಿಡಿಸಿ. ಆ ದಾರಿಯಿಂದಲೂ ಬರುತ್ತದೆ.

ಹಂತ 8: ದನಿ ಹೊಂದಿಸುವುದು

ಮೊದಲು ಪಿಯಾನೊ ಆನ್, ಕೊನೆಗೆ ಸ್ಪೀಕರ್. ಆಫ್ ಮಾಡುವಾಗ ಮೊದಲು ಸ್ಪೀಕರ್. ಕ್ರಮ ತಪ್ಪಿದರೆ ಧಡ್ಡೆಂಬ ಸದ್ದು ವೂಫರನ್ನು ಹೊಡೆಯುತ್ತದೆ.

ಸ್ಪೀಕರಿನ ನಾಬ್ ಸೊನ್ನೆಗಿಟ್ಟು, ಪಿಯಾನೊ ವಾಲ್ಯೂಮನ್ನು ಮುಕ್ಕಾಲಿಗೆ ತನ್ನಿ. ಮಧ್ಯದ ಸಪ್ತಕದಲ್ಲಿ ಎರಡೂ ಕೈಯ ಕಾರ್ಡನ್ನು (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಶಕ್ತಿಯಿಟ್ಟು ಒತ್ತುತ್ತಾ ಸ್ಪೀಕರಿನ ನಾಬ್ ಏರಿಸಿ, ತುಂಬಿದ ದನಿ ಬಂದಲ್ಲಿ ನಿಲ್ಲಿಸಿ. ಇದನ್ನು ಉಲ್ಟಾ ಮಾಡಿ, ಪಿಯಾನೊ ಕಡಿಮೆ ಇಟ್ಟು ಸ್ಪೀಕರ್ ಪೂರ್ತಿ ತಿರುಗಿಸಿದರೆ ಸುಸ್ಸೆನ್ನುವುದು ಹೆಚ್ಚುತ್ತದೆ. ಒಳಬರುವ ಸಿಗ್ನಲ್ಲಿನ ಮಟ್ಟ ಹೊಂದಿಸುವ ಪ್ಲಸ್ 4, ಮೈನಸ್ 10 ಎಂಬ ಸ್ವಿಚ್ ಇದ್ದರೆ ಮನೆಯ ಪಿಯಾನೊಗೆ ಮೈನಸ್ 10ರಿಂದ ಶುರು ಮಾಡಿ. ಜೋರಾಗಿ ಒತ್ತಿದಾಗ ಸದ್ದು ಒಡೆದರೆ ಪ್ಲಸ್ 4ಕ್ಕೆ ಬದಲಿಸಿ.

ಇನ್ನು ಎಡತುದಿಯಿಂದ ಒಂದೊಂದೇ ಕೀ, ಕಪ್ಪು ಬಿಳಿ ಬಿಡದೆ, ಎರಡೆರಡು ಸೆಕೆಂಡ್ ಒತ್ತುತ್ತಾ ಮಧ್ಯದವರೆಗೆ ಬನ್ನಿ. ಯಾವುದಾದರೂ ಸ್ವರಕ್ಕೆ ಜಿರಿಜಿರಿ ಸೇರಿದರೆ ಸ್ಪೀಕರನ್ನು ಶಂಕಿಸುವ ಮೊದಲು ಕೋಣೆ ಸುತ್ತಿ: ಸ್ಟೀಲ್ ಬೀರುವಿನ ಬಾಗಿಲು, ಕಿಟಕಿಯ ಚಿಲಕ, ಗೋಡೆಗೆ ತೂಗಿದ ಫೋಟೊ, ಷೋಕೇಸಿನ ಗಾಜು, ಅಲಂಕಾರಕ್ಕಿಟ್ಟ ಪೀಚೆಕತ್ತಿಯ ಸರಪಳಿ. ಆ ಸ್ವರವನ್ನು ಒಬ್ಬರು ಒತ್ತುತ್ತಿರಲಿ, ಇನ್ನೊಬ್ಬರು ಒಂದೊಂದನ್ನೇ ಕೈಯಿಂದ ಹಿಡಿದು ನೋಡಲಿ. ಸಿಕ್ಕಿದ್ದಕ್ಕೆ ಒಂದು ಚೂರು ಫೆಲ್ಟ್ ಅಂಟಿಸಿ.

ಮಳೆಗಾಲದ ಆರೈಕೆ

ಸ್ಪೀಕರನ್ನು ಹೊರಗೋಡೆಯ ಬದಿಗೆ, ನೆಲದ ಮೇಲೆ ಇಡಬೇಡಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ತೆಳು ಹತ್ತಿ ಬಟ್ಟೆ ಸಾಕು, ಅದೂ ತಣ್ಣಗಾದ ಮೇಲೆ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆಯಾದರೂ ಆನ್ ಮಾಡಿ ನುಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಹೆಡ್‌ಫೋನ್, ಬಿಡಿ ಕೇಬಲ್‌ಗಳು ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬದಲ್ಲಿರಲಿ. ಪೊಟ್ಟಣ ಬಣ್ಣ ಬದಲಿಸಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಬಹುದು.

ಆಗಸ್ಟ್ ಹೊತ್ತಿಗೆ ಪಿನ್ ಅಲುಗಿಸಿದರೆ ಕರಕರ ಎನ್ನುವುದು, ಒಂದು ಬದಿ ಬಂದು ಹೋಗುವುದು ಸಾಮಾನ್ಯ. ಜ್ಯಾಕಿನೊಳಗೆ ಹಸಿರು ಕಿಲುಬು ಕೂತಿರುತ್ತದೆ. ಎಲ್ಲವನ್ನೂ ಆಫ್ ಮಾಡಿ, ಪಿನ್ನಿಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಹತ್ತು ಸಲ ಒಳಗೆ ಹೊರಗೆ ಮಾಡಿ, ಕಾಲು ಗಂಟೆ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿದರೆ ಧೂಳು ಅಂಟಿ ಇನ್ನೂ ಕೆಡುತ್ತದೆ. ಹಿಂದಿನ ಗಾಳಿ ತೂತಿಗೆ ಇರುವೆ, ಹಲ್ಲಿ ನುಗ್ಗುತ್ತವೆ. ಬಳಸದ ದಿನಗಳಲ್ಲಿ ತೂತಿಗೆ ಸೊಳ್ಳೆ ಪರದೆಯ ತುಂಡನ್ನು ಟೇಪಿನಿಂದ ಅಂಟಿಸಿ, ನುಡಿಸುವಾಗ ತೆಗೆಯಿರಿ. ನೆಲದಲ್ಲಿ ಹರಡಿದ ವೈರನ್ನು ಇಲಿ ಕಡಿಯದಂತೆ ಪಿವಿಸಿ ಕೇಸಿಂಗಿನಲ್ಲಿ ಹಾಕಿ ಗೋಡೆಗೆ ಹೊಡೆಯಿರಿ, ಆದರೆ ಕರೆಂಟಿನ ವೈರ್ ಮತ್ತು ಪಿಯಾನೊ ಕೇಬಲ್ ಒಂದೇ ಕೇಸಿಂಗಿನಲ್ಲಿ ಬೇಡ. ಎರಡರ ನಡುವೆ ಒಂದಡಿ ಅಂತರವಿರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ.